ಬಿಸಿಲೂರಿನಲ್ಲಿ ನಸುಸಿಹಿ ಬಿಳಿ ವೈನ್: ಕೊಳ್ಳುವ, ತಣಿಸುವ, ಸವಿಯುವ ಕ್ರಮ

ಬಳ್ಳಾರಿ, ಕೊಪ್ಪಳ, ರಾಯಚೂರುಗಳ ಯಾವ ದೊಡ್ಡ ರಸ್ತೆಯಲ್ಲಿ ನಡೆದರೂ ‘ವೈನ್ಸ್’ ಎಂದು ಬರೆದ ಫಲಕವೊಂದು ಕಣ್ಣಿಗೆ ಬೀಳುತ್ತದೆ. ಆದರೆ ಆ ಅಂಗಡಿಗೆ ಹೋಗಿ ನಿಜವಾಗಿಯೂ ವೈನ್ ಕೇಳಿದರೆ, ಮಾರುವವರು ಒಮ್ಮೆ ನಮ್ಮ ಮುಖ ನೋಡಿ, ವಿಸ್ಕಿ-ಬ್ರಾಂದಿಗಳ ಸಾಲನ್ನು ದಾಟಿ ಒಳಗೆಲ್ಲೋ ಹುಡುಕಿ ತರಬೇಕಾಗುತ್ತದೆ. “ಬಿಳೇದು ಯಾರೂ ಒಯ್ಯಂಗಿಲ್ರಿ ಸರ, ಅದಕ್ಕ ಒಳಗ ಇಟ್ಟೀವಿ” ಎನ್ನುತ್ತ ಕೊಪ್ಪಳದ ಅಂಗಡಿಯವರೊಬ್ಬರು ಧೂಳು ಒರೆಸಿ ಕೊಟ್ಟ ಬಾಟಲಿಯಿಂದಲೇ ಈ ವಿಷಯದಲ್ಲಿ ನನ್ನ ಪಾಠ ಆರಂಭವಾಯಿತು. ಆ ಬಾಟಲಿ ಕೆಟ್ಟಿತ್ತು. ತಿಳಿ ಹುಲ್ಲಿನ ಬಣ್ಣದಲ್ಲಿ ಇರಬೇಕಾದ ವೈನ್ ಕಷಾಯದ ಬಣ್ಣಕ್ಕೆ ತಿರುಗಿ, ಬೇಯಿಸಿದ ಸೇಬಿನಂಥ ಮಂಕು ವಾಸನೆ ಬೀರುತ್ತಿತ್ತು. ವೈನ್ ತಯಾರಿಸಿದವರ ತಪ್ಪು ಅದರಲ್ಲಿ ಏನೂ ಇರಲಿಲ್ಲ. ತಗಡಿನ ಚಾವಣಿಯ ಕೆಳಗೆ ಎರಡು ಬೇಸಿಗೆ ಕಳೆದದ್ದೇ ಅದರ ರೋಗವಾಗಿತ್ತು.

ನಮ್ಮ ಭಾಗದಲ್ಲಿ ಕಡಿಮೆ ಬೆಲೆಯ ಬಿಳಿ ವೈನನ್ನು ಸವಿಯಬೇಕೆನ್ನುವವರು ಬಾಟಲಿಯ ಮೇಲಿನ ಹೆಸರಿಗಿಂತ ಹೆಚ್ಚಾಗಿ ಅದರ ವಯಸ್ಸು ಮತ್ತು ತಂಪಿನ ಬಗ್ಗೆ ಯೋಚಿಸಬೇಕು ಎಂಬುದು ಅಂದಿನಿಂದ ನನ್ನ ನಿಲುವು. ಹೊಸದಾಗಿದ್ದು, ಸರಿಯಾಗಿ ತಣಿದ ಸಾಮಾನ್ಯ ವೈನ್ ಬೆಂದುಹೋದ ದುಬಾರಿ ವೈನಿಗಿಂತ ಎಷ್ಟೋ ಮೇಲು. ಬಿಳಿ ವೈನ್‌ಗಳಲ್ಲಿಯೂ ನಸುಸಿಹಿಯ ಬಗೆ, ಅಂದರೆ ‘ಆಫ್ ಡ್ರೈ’ ಎಂದು ಕರೆಸಿಕೊಳ್ಳುವ ಬಗೆ, ನಮ್ಮ ಬಿಸಿಲಿಗೂ ನಮ್ಮ ಮೆಣಸಿನಕಾಯಿಗೂ ಹೊಂದುವಷ್ಟು ಬೇರೆ ಯಾವುದೂ ಹೊಂದುವುದಿಲ್ಲ. ಇದನ್ನು ಹೊಸಬರ ವೈನ್ ಎಂದು ಮೂಗು ಮುರಿಯುವವರಿದ್ದಾರೆ. ಅವರು ಮಿರ್ಚಿ ಬಜ್ಜಿಯ ಜೊತೆ ಒಗರಾದ ಕೆಂಪು ವೈನ್ ಕುಡಿದು ನೋಡಲಿ.

ಮೊದಲು ನಸುಸಿಹಿ ಎಂದರೇನು ಎಂಬುದನ್ನು ತಿಳಿಯೋಣ. ದ್ರಾಕ್ಷಿ ರಸದ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಉಂಟುಮಾಡುತ್ತದೆ. ಸಕ್ಕರೆ ಬಹುಮಟ್ಟಿಗೆ ಮುಗಿಯುವವರೆಗೂ ಹುದುಗಲು ಬಿಟ್ಟರೆ ಸಿಗುವುದು ‘ಡ್ರೈ’ ವೈನ್. ಸ್ವಲ್ಪ ಸಕ್ಕರೆ ಉಳಿದಿರುವಾಗಲೇ ತೊಟ್ಟಿಯನ್ನು ತಣಿಸಿ, ಯೀಸ್ಟನ್ನು ಸೋಸಿ ತೆಗೆದು ಹುದುಗುವಿಕೆಯನ್ನು ನಿಲ್ಲಿಸಿದರೆ ಸಿಗುವುದು ನಸುಸಿಹಿ ವೈನ್. ಯುರೋಪಿನ ನಿಯಮದಂತೆ ಲೀಟರಿಗೆ 4 ಗ್ರಾಂವರೆಗೆ ಸಕ್ಕರೆ ಇರುವುದು ಡ್ರೈ, 12 ಗ್ರಾಂವರೆಗಿನದು ಮೀಡಿಯಂ ಡ್ರೈ, ಅಂದರೆ ನಮ್ಮ ನಸುಸಿಹಿ. ಹುಳಿ ಸಾಕಷ್ಟಿದ್ದರೆ ಈ ಮಿತಿಗಳು ಕ್ರಮವಾಗಿ 9 ಮತ್ತು 18 ಗ್ರಾಂವರೆಗೂ ಏರಬಹುದು. ಕೋಲಾದಂಥ ತಂಪು ಪಾನೀಯದಲ್ಲಿ ಲೀಟರಿಗೆ 100 ಗ್ರಾಂಗೂ ಹೆಚ್ಚು ಸಕ್ಕರೆ ಇರುತ್ತದೆಂಬುದನ್ನು ನೆನೆದರೆ, ನಾವು ಮಾತಾಡುತ್ತಿರುವ ಸಿಹಿ ಎಷ್ಟು ಅಲ್ಪವೆಂಬುದು ಹೊಳೆಯುತ್ತದೆ.

ಹುಳಿಯ ಮಾತು ಬಂದದ್ದು ಸುಮ್ಮನೆ ಅಲ್ಲ. ಒಂದು ಲೀಟರ್ ನೀರಿಗೆ ನಾಲ್ಕು ಸಣ್ಣ ಚಮಚ ಸಕ್ಕರೆ ಕದಡಿ ಒಂದು ಗುಟುಕು ಕುಡಿಯಿರಿ. ಸಪ್ಪೆ ಸಪ್ಪೆಯಾದ ಸಿಹಿ ನಾಲಿಗೆಗೆ ಅಂಟುತ್ತದೆ. ಅದೇ ನೀರಿಗೆ ಎರಡು ನಿಂಬೆಹಣ್ಣು ಹಿಂಡಿ ಮತ್ತೆ ಕುಡಿದರೆ, ಸಕ್ಕರೆ ಒಂದು ಹರಳೂ ಕಡಿಮೆಯಾಗದಿದ್ದರೂ ಸಿಹಿ ಹಿಂದೆ ಸರಿದು ನಿಲ್ಲುತ್ತದೆ. ನಸುಸಿಹಿ ವೈನಿನ ಗುಟ್ಟು ಇಷ್ಟೇ. ಹುಳಿಯಿಲ್ಲದ ಸಿಹಿ ವೈನ್ ಎರಡನೆಯ ಗ್ಲಾಸಿಗೇ ಸಾಕೆನ್ನಿಸುತ್ತದೆ, ಹುಳಿಯ ಬೆನ್ನೆಲುಬು ಇರುವುದು ಊಟ ಮುಗಿಯುವವರೆಗೂ ಹಗುರವಾಗಿಯೇ ಉಳಿಯುತ್ತದೆ. ಬೆಚ್ಚನೆಯ ಹವೆಯಲ್ಲಿ ಹಣ್ಣಾದರೂ ಹುಳಿಯನ್ನು ಬಿಟ್ಟುಕೊಡದ ಶೆನಿನ್ ಬ್ಲಾಂಕ್ ಎಂಬ ದ್ರಾಕ್ಷಿ ದಖ್ಖನಿಗೆ ಒಗ್ಗಿಕೊಂಡದ್ದು ಈ ಕಾರಣದಿಂದಲೇ. ಫ್ರಾನ್ಸಿನ ಲ್ವಾರ್ ಕಣಿವೆ ಅದರ ತವರು, ದಕ್ಷಿಣ ಆಫ್ರಿಕಾ ಅದರ ದೊಡ್ಡ ನೆಲೆ. ನಾಸಿಕದ ಸುಲಾ ಸಂಸ್ಥೆ 2000ದಲ್ಲಿ ಹೊರತಂದ ಮೊದಲ ವೈನ್‌ಗಳಲ್ಲಿ ಶೆನಿನ್ ಬ್ಲಾಂಕ್ ಕೂಡ ಒಂದು, ಮತ್ತು ಅದು ನಸುಸಿಹಿಯದೇ. ನಮ್ಮ ಊರುಗಳಲ್ಲಿ ಈ ಬಗೆಯ ವೈನ್ ಹುಡುಕುವವರು ಶೆನಿನ್ ಎಂಬ ಹೆಸರಿನಿಂದಲೇ ತೊಡಗುವುದು ಸುಲಭ. ರೀಸ್ಲಿಂಗ್ ಎಂಬ ದ್ರಾಕ್ಷಿಯ ವೈನ್ ಸಿಕ್ಕರೆ ಬಿಡಬೇಡಿ. ಅದರ ಹುಳಿ ಇನ್ನೂ ಚುರುಕು. ಮಸ್ಕಟ್ ದ್ರಾಕ್ಷಿಯ ವೈನಿಗೆ ಹೂವಿನ ಪರಿಮಳ ಹೆಚ್ಚು, ಹುಳಿ ಸಾಮಾನ್ಯವಾಗಿ ಕಡಿಮೆ.

ಕೈಗೆಟುಕುವ ಬೆಲೆ ಎಂದು ನಾನಿಲ್ಲಿ ಹೇಳುತ್ತಿರುವುದು 750 ಮಿ.ಲೀ. ಬಾಟಲಿಗೆ ಸಾವಿರ ರೂಪಾಯಿಯ ಆಸುಪಾಸನ್ನು. ಕೆಲವು ತಯಾರಕರು 375 ಮಿ.ಲೀ. ಬಾಟಲಿಯನ್ನೂ ತರುತ್ತಾರೆ, ಮನೆಯಲ್ಲಿ ಕುಡಿಯುವವರು ಒಬ್ಬರೋ ಇಬ್ಬರೋ ಆಗಿದ್ದರೆ ಅದೇ ಲೇಸು. ಹತ್ತಿರದ ಎಂಎಸ್‌ಐಎಲ್ ಮಳಿಗೆಯಲ್ಲಿಯೂ ಒಮ್ಮೆ ವಿಚಾರಿಸಿ. ಆದರೆ ಬರೀ ‘ವೈನ್’ ಎಂದು ಕೇಳಿದರೆ ಸಾಮಾನ್ಯವಾಗಿ ನಿಮ್ಮ ಕೈಗೆ ಬರುವುದು ‘ಪೋರ್ಟ್’ ಎಂದು ಬರೆದ ಗಾಢ ಸಿಹಿಯ ಕೆಂಪು ವೈನ್. ಅದು ಬೇರೆಯದೇ ಜಾತಿ. ಆದ್ದರಿಂದ ಬಿಳಿ, ಶೆನಿನ್, ಈ ವರ್ಷದ್ದು ಅಥವಾ ಹೋದ ವರ್ಷದ್ದು ಎಂದು ಮೂರನ್ನೂ ಒಟ್ಟಿಗೆ ಹೇಳಿ.

ವರ್ಷದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವೈನ್ ಹಳತಾದಷ್ಟೂ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಕೆಲವೇ ವೈನ್‌ಗಳಿಗೆ, ಅದೂ ತಂಪು ನೆಲಮಾಳಿಗೆಯಲ್ಲಿ ಮಲಗಿಸಿಟ್ಟವುಗಳಿಗೆ ಸಲ್ಲುವ ಮಾತು. ಅಗ್ಗದ ನಸುಸಿಹಿ ಬಿಳಿ ವೈನಿನ ಸೊಗಸೆಲ್ಲ ಅದರ ತಾಜಾತನದಲ್ಲಿದೆ. ನಮ್ಮ ದ್ರಾಕ್ಷಿ ಬೆಳೆಗಾರರು ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಹಣ್ಣಿಗಾಗಿ ಚಾಟನಿ ಮಾಡಿ, ಅಂದರೆ ಬಳ್ಳಿಯ ಕಡ್ಡಿಗಳನ್ನು ಸವರಿ, ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು ನಡೆಸುತ್ತಾರೆ. ಆ ಹಣ್ಣಿನ ಬಿಳಿ ವೈನ್ ಕೆಲವು ತಿಂಗಳಲ್ಲಿ ಬಾಟಲಿ ಸೇರುತ್ತದೆ. ಹೀಗಾಗಿ ಲೇಬಲ್ಲಿನ ಮೇಲಿನ ಇಸವಿ, ಅದಿಲ್ಲದಿದ್ದರೆ ಬಾಟಲಿಗೆ ತುಂಬಿದ ತಿಂಗಳು, ಎರಡು ವರ್ಷಕ್ಕಿಂತ ಹಿಂದಿನದಾಗಿದ್ದರೆ ನಾನಂತೂ ಕೊಳ್ಳುವುದಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು ಬಣ್ಣವನ್ನೂ ನೋಡಬೇಕು. ತಿಳಿ ಹಳದಿ, ತುಸು ಹಸಿರು ಛಾಯೆ ಇದ್ದರೆ ಸರಿ. ಕಂದಿನೆಡೆಗೆ ತಿರುಗಿದ್ದರೆ ಹಿಂದಿರುಗಿಸಿ. ಹಸಿರು ಗಾಜಿನ ಬಾಟಲಿಯಾದರೆ ಬಣ್ಣ ತಿಳಿಯದು, ಆಗ ಕಾರ್ಕಿನ ಬಳಿ ಅಂಟು ಜಿನುಗಿದೆಯೇ ಎಂದು ಬೆರಳಾಡಿಸಿ ನೋಡಿ. ಕಾವಿಗೆ ಒಳಗಿನ ವೈನ್ ಹಿಗ್ಗಿ ಕಾರ್ಕನ್ನು ಮೇಲಕ್ಕೆ ತಳ್ಳಿದ್ದರೆ ಅಲ್ಲಿ ಸಿಹಿಯಂಟು ಉಳಿದಿರುತ್ತದೆ. ತಿರುಪು ಮುಚ್ಚಳದ ಬಾಟಲಿಯನ್ನು ಕೀಳೆಂದು ಎಣಿಸುವುದು ಬೇಡ. ಕಾರ್ಕಿನ ದೋಷದಿಂದ ಬರುವ ಒದ್ದೆ ರಟ್ಟಿನ ವಾಸನೆಯ ಭಯ ಅದಕ್ಕಿಲ್ಲ, ಉಳಿದದ್ದನ್ನು ಮುಚ್ಚಿಡುವುದೂ ಸಲೀಸು. ಕಿಟಕಿಯ ಷೋಕೇಸಿನಲ್ಲಿ ಬಿಸಿಲಿಗೆ ನಿಂತ ಬಾಟಲಿಯನ್ನೂ ಚಾವಣಿಗೆ ತಾಗಿದ ಮೇಲಿನ ಹಲಗೆಯ ಬಾಟಲಿಯನ್ನೂ ಬಿಟ್ಟು, ಕೆಳಗಿನ ಪೆಟ್ಟಿಗೆಯಿಂದ ಒಂದನ್ನು ತೆಗೆದುಕೊಡಿ ಎಂದು ಕೇಳಲು ಸಂಕೋಚಪಡಬೇಡಿ.

ಲೇಬಲ್ಲಿನ ಮೇಲೆ ‘ಆಫ್ ಡ್ರೈ’, ‘ಸೆಮಿ ಡ್ರೈ’ ಎಂದು ಬರೆದಿದ್ದರೆ ಕೆಲಸ ಸುಲಭ. ಹೊರನಾಡಿನ ಬಾಟಲಿಗಳಲ್ಲಿ ಫ್ರೆಂಚರು ‘ಡೆಮಿ ಸೆಕ್’ ಎಂದೂ ಜರ್ಮನರು ‘ಹಾಲ್ಬ್‌ಟ್ರೋಕನ್’ ಎಂದೂ ಬರೆಯುತ್ತಾರೆ. ಏನೂ ಬರೆದಿಲ್ಲದಿದ್ದರೆ ಮದ್ಯಸಾರದ ಅಂಕಿಯನ್ನು ನೋಡಿ: ಒಂದೇ ದ್ರಾಕ್ಷಿಯ ಎರಡು ವೈನ್‌ಗಳಲ್ಲಿ ಒಂದು ಶೇ. 13.5, ಇನ್ನೊಂದು ಶೇ. 11 ಇದ್ದರೆ, ಎರಡನೆಯದರಲ್ಲಿ ಸಕ್ಕರೆ ಉಳಿದಿರುವ ಸಂಭವ ಹೆಚ್ಚು. ಇದು ಸುಳಿವೇ ಹೊರತು ಖಾತರಿಯಲ್ಲ, ಏಕೆಂದರೆ ಹಣ್ಣನ್ನು ಬೇಗ ಕೊಯ್ದರೂ ಮದ್ಯಸಾರ ಕಡಿಮೆಯಾಗುತ್ತದೆ. ನೊರೆಯ ವೈನ್ ಕೊಳ್ಳುವವರು ಮಾತ್ರ ಪದಗಳ ಬಲೆಗೆ ಬೀಳಬಾರದು. ಅಲ್ಲಿ ‘ಎಕ್ಸ್‌ಟ್ರಾ ಡ್ರೈ’ ಎಂದರೆ ಲೀಟರಿಗೆ 12ರಿಂದ 17 ಗ್ರಾಂ ಸಕ್ಕರೆ, ಅಂದರೆ ‘ಬ್ರೂಟ್’ ಎನ್ನುವುದಕ್ಕಿಂತ ಹೆಚ್ಚು ಸಿಹಿ. ಹೆಸರಿಗೂ ರುಚಿಗೂ ಇಷ್ಟು ದೂರವೇಕೆಂದು ನನಗೂ ಆಗಾಗ ನಗು ಬರುತ್ತದೆ.

ಅಂಗಡಿಯಿಂದ ಮನೆಗೆ ಬರುವ ದಾರಿಯೇ ವೈನಿಗೆ ಅತ್ಯಂತ ಅಪಾಯದ ದಾರಿ. ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವಾಗ, ಬಿಸಿಲಿಗೆ ನಿಲ್ಲಿಸಿದ ಸ್ಕೂಟರಿನ ಡಿಕ್ಕಿಯೂ ಕಾರಿನ ಹಿಂಬದಿಯೂ ಒಲೆಯಂತಾಗಿರುತ್ತವೆ. ಬೇರೆ ಕೆಲಸಗಳನ್ನೆಲ್ಲ ಮುಗಿಸಿ, ಸಂಜೆ ಮನೆಗೆ ಹೋಗುವಾಗ ಕೊನೆಯದಾಗಿ ವೈನ್ ಕೊಳ್ಳಿ. ಮನೆಯಲ್ಲಿ ವೈನನ್ನು ವರ್ಷಗಟ್ಟಲೆ ಕೂಡಿಡುವ ಆಸೆ ಬೇಡ; ಅಡುಗೆಮನೆಯ ಮಾಡಿನಲ್ಲಂತೂ ಇಡಲೇಬಾರದು. ಒಂದೆರಡು ವಾರದಲ್ಲಿ ಕುಡಿಯುವಷ್ಟನ್ನೇ ತಂದು ನೇರವಾಗಿ ಫ್ರಿಜ್ಜಿನ ಕೆಳಗಿನ ಅರೆಗೆ ಸೇರಿಸಿಬಿಡುವುದು ನಮ್ಮ ಹವೆಗೆ ತಕ್ಕ ಪದ್ಧತಿ.

ಇನ್ನು ತಣಿಸುವ ವಿಷಯ. ಇದರಲ್ಲಿ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ನಸುಸಿಹಿ ಬಿಳಿ ವೈನಿಗೆ 8ರಿಂದ 10 ಡಿಗ್ರಿ ಸೆಲ್ಸಿಯಸ್ ಹಿತವಾದ ತಂಪು. ಬೆಚ್ಚಗಾದಂತೆ ಸಿಹಿ ಮುಂದೆ ಬಂದು ಪಾನಕದಂತೆ ಅಂಟುತ್ತದೆ. ತೀರಾ ತಣ್ಣಗಾದರೆ ಪರಿಮಳ ಮುದುಡಿ ಬರೀ ಹುಳಿನೀರು ಕುಡಿದಂತಾಗುತ್ತದೆ. ಫ್ರಿಜ್ಜಿನೊಳಗೆ ಸಾಮಾನ್ಯವಾಗಿ 4-5 ಡಿಗ್ರಿ ಇರುವುದರಿಂದ, ಮೂರು ಗಂಟೆ ಅಲ್ಲಿಟ್ಟ ಬಾಟಲಿಯನ್ನು ಕುಡಿಯುವ ಹತ್ತು-ಹದಿನೈದು ನಿಮಿಷ ಮೊದಲು ತೆಗೆಯಬೇಕೆಂದು ಪುಸ್ತಕದ ಲೆಕ್ಕ ಹೇಳುತ್ತದೆ. ಬಳ್ಳಾರಿಯ ಮೇ ತಿಂಗಳಿನಲ್ಲಿ ಐದು ನಿಮಿಷವೇ ಹೆಚ್ಚು.

ಅತಿಥಿಗಳು ಬಾಗಿಲಲ್ಲಿ ನಿಂತಿದ್ದು ಬಾಟಲಿ ಇನ್ನೂ ಬೆಚ್ಚಗಿದ್ದರೆ, ಅರ್ಧ ಬಕೆಟ್ ಐಸಿಗೆ ಅದು ಮುಳುಗುವಷ್ಟು ನೀರು ಹೊಯ್ದು, ಎರಡು ಮುಷ್ಟಿ ಕಲ್ಲುಪ್ಪು ಹಾಕಿ, ಬಾಟಲಿಯನ್ನು ಕುತ್ತಿಗೆಯವರೆಗೂ ಇಳಿಸಿ ಆಗಾಗ ತಿರುಗಿಸುತ್ತಿರಿ. ಬರೀ ಐಸಿನ ತುಂಡುಗಳು ಗಾಜಿಗೆ ಅಲ್ಲಲ್ಲಿ ಮಾತ್ರ ತಾಗುತ್ತವೆ, ನೀರು ಎಲ್ಲೆಡೆಯೂ ಅಪ್ಪುತ್ತದೆ; ಉಪ್ಪು ಬೆರೆತ ನೀರು ಸೊನ್ನೆಗಿಂತ ಕೆಳಗಿಳಿದರೂ ಹೆಪ್ಪುಗಟ್ಟುವುದಿಲ್ಲ. ಹದಿನೈದು-ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಕರೆಂಟು ಹೋಗಿ ಐಸೂ ಇಲ್ಲದಾಗ, ಒದ್ದೆ ಹತ್ತಿಬಟ್ಟೆ ಸುತ್ತಿದ ಬಾಟಲಿಯನ್ನು ಗಾಳಿ ಆಡುವ ಕಡೆ ಇಡುವ ಹಳೆಯ ಉಪಾಯವಿದೆ. ಮಡಕೆಯ ನೀರು ತಣ್ಣಗಾಗುವ ರೀತಿಯೇ ಇದು. ನಮ್ಮ ಒಣ ಬೇಸಿಗೆಯಲ್ಲಿ ಚೆನ್ನಾಗಿಯೇ ನಡೆಯುತ್ತದೆಯಾದರೂ ವೈನಿಗೆ ಬೇಕಾದಷ್ಟು ತಂಪು ಅದರಿಂದ ಸಿಗದು. ಬಾಟಲಿಯನ್ನು ಕಾವಿನಿಂದ ಕಾಯ್ದುಕೊಳ್ಳುವಷ್ಟಕ್ಕೆ ಅದು ಸಾಕು. ಫ್ರೀಜರಿನ ಸಹವಾಸ ಮಾತ್ರ ಬೇಡ. ಒಮ್ಮೆ ‘ಅರ್ಧ ಗಂಟೆ ಅಷ್ಟೆ’ ಎಂದು ಒಳಗಿಟ್ಟು ಮರೆತ ಬಾಟಲಿಯ ಕಾರ್ಕನ್ನು ಮರುದಿನ ಬೆಳಿಗ್ಗೆ ಬಟಾಣಿಯ ಪೊಟ್ಟಣದ ಕೆಳಗೆ ಹುಡುಕಿದೆ. ಹೆಪ್ಪುಗಟ್ಟಿ ಹಿಗ್ಗಿದ ವೈನ್ ಬಾಟಲಿಯ ಬಾಯಿಂದ ಕುಲ್ಫಿಯಂತೆ ಹೊರಬಂದು ನಿಂತಿತ್ತು.

ತಣಿದ ಬಾಟಲಿಯ ತಳದಲ್ಲಿ ಬಿಳಿ ಹರಳುಗಳು ಕಂಡರೆ ಗಾಜಿನ ಚೂರೆಂದೋ ಸಕ್ಕರೆ ಬೆರೆಸಿದ್ದಾರೆಂದೋ ಗಾಬರಿಯಾಗಬೇಡಿ. ಅವು ದ್ರಾಕ್ಷಿಯಲ್ಲೇ ಇರುವ ಟಾರ್ಟಾರಿಕ್ ಆಮ್ಲದ ಲವಣ. ತಂಪಿಗೆ ಹರಳುಗಟ್ಟುತ್ತವೆ, ಯಾವ ಕೇಡೂ ಇಲ್ಲ. ವೈನ್ ಕದಡಿ, ಸಾದಾ ವೈನ್ ಆಗಿದ್ದೂ ಸೋಡಾದಂತೆ ಬುಸುಗುಟ್ಟಿದರೆ ಮಾತ್ರ ಉಳಿದ ಸಕ್ಕರೆ ಬಾಟಲಿಯೊಳಗೆ ಮತ್ತೆ ಹುದುಗಿದೆ ಎಂದರ್ಥ; ಅದನ್ನು ಚೆಲ್ಲುವುದೇ ಸರಿ.

ಗ್ಲಾಸಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಬಾಯಿ ಸ್ವಲ್ಪ ಒಳಕ್ಕೆ ಬಾಗಿದ, ತೆಳು ಗಾಜಿನ ಯಾವುದಾದರೂ ನಡೆಯುತ್ತದೆ. ಸ್ಟೀಲಿನ ಲೋಟದಲ್ಲಿ ಬಣ್ಣ ಕಾಣುವುದಿಲ್ಲ, ಅಗಲ ಬಾಯಿಯಿಂದ ಪರಿಮಳ ಹಾರಿಹೋಗುತ್ತದೆ. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತುಂಬದೆ ಬಾಟಲಿಯನ್ನು ಮತ್ತೆ ತಂಪಿಗೆ ಸೇರಿಸಿ, ಏಕೆಂದರೆ ನಮ್ಮ ಕೋಣೆಗಳಲ್ಲಿ ಗ್ಲಾಸಿನ ವೈನ್ ಮಾತು ಮುಗಿಯುವಷ್ಟರಲ್ಲಿ ಬೆಚ್ಚಗಾಗಿರುತ್ತದೆ. ಐಸ್ ಹಾಕಿದರೆ ಸಿಹಿಯೂ ಹುಳಿಯೂ ಒಟ್ಟಿಗೆ ನೀರಾಗುತ್ತವೆ. ಅದರ ಬದಲು ಬೀಜವಿಲ್ಲದ ಹಸಿರು ದ್ರಾಕ್ಷಿಯನ್ನು ತೊಳೆದು, ಒರೆಸಿ, ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿಟ್ಟು ಮೂರು-ನಾಲ್ಕನ್ನು ಗ್ಲಾಸಿಗೆ ಹಾಕಿ ನೋಡಿ. ತಂಪು ಉಳಿಯುತ್ತದೆ, ವೈನ್ ನೀರಾಗುವುದಿಲ್ಲ, ಕೊನೆಯಲ್ಲಿ ತಿನ್ನಲು ಹಣ್ಣೂ ಸಿಗುತ್ತದೆ. ಕೊಪ್ಪಳದ ಕಡೆ ದ್ರಾಕ್ಷಿ ಬರುವ ತಿಂಗಳುಗಳಲ್ಲಿ ಇದು ನಮ್ಮ ಮನೆಯ ವಾಡಿಕೆ.

ಊಟದ ಜೊತೆಗಿನ ಹೊಂದಿಕೆಯೇ ಈ ವೈನಿನ ನಿಜವಾದ ಸುಖ. ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿಯನ್ನು ಕಾಗದದ ಮೇಲಿಟ್ಟು ಎಣ್ಣೆ ಇಳಿಸಿ, ಒಗ್ಗರಣೆ ಮಂಡಕ್ಕಿಯ ಪಕ್ಕದಲ್ಲಿಟ್ಟುಕೊಳ್ಳಿ. ಮೊದಲು ಒಂದು ಗುಟುಕು ವೈನ್ ಕುಡಿದು ಅದರ ಸಿಹಿ ಎಷ್ಟೆಂದು ಗುರುತಿಟ್ಟುಕೊಂಡು, ಆಮೇಲೆ ಮಿರ್ಚಿಯನ್ನು ಬೀಜದ ಸಮೇತ ಕಚ್ಚಿ, ಖಾರ ಕಿವಿಗೇರುವ ಹೊತ್ತಿಗೆ ಎರಡನೆಯ ಗುಟುಕು ತೆಗೆದುಕೊಳ್ಳಿ. ವೈನಿನ ಸಿಹಿ ಬಹುತೇಕ ಮಾಯವಾಗಿ ಹಣ್ಣಿನ ಪರಿಮಳ ಮಾತ್ರ ಉಳಿದಿರುತ್ತದೆ, ಖಾರದ ಚುರುಕು ಒಂದು ಮೆಟ್ಟಿಲು ಇಳಿದಿರುತ್ತದೆ, ಹುಳಿಯು ಕಡಲೆಹಿಟ್ಟಿನ ಜಿಡ್ಡನ್ನು ಬಾಯಿಂದ ತೊಳೆದಿರುತ್ತದೆ. ಸಕ್ಕರೆ ಖಾರದ ಉರಿಯ ಅನುಭವವನ್ನು ತಗ್ಗಿಸುತ್ತದೆ, ಮದ್ಯಸಾರ ಅದನ್ನು ಹೆಚ್ಚಿಸುತ್ತದೆ. ಆದ್ದರಿಂದ ಖಾರದ ಊಟಕ್ಕೆ ಶೇ. 12 ಅಥವಾ ಅದಕ್ಕಿಂತ ಕಡಿಮೆ ಮದ್ಯಸಾರದ ವೈನ್ ಆರಿಸುವುದು ಜಾಣತನ. ಕೆಂಪು ವೈನಿನ ಒಗರು ಖಾರದೊಡನೆ ಸೇರಿ ನಾಲಿಗೆಯನ್ನು ಇನ್ನಷ್ಟು ಒರಟಾಗಿಸುತ್ತದೆ.

ಆದರೂ ನನ್ನ ಮತ ಎಣ್ಣೆಗಾಯಿಗೆ. ಶೇಂಗಾ, ಎಳ್ಳು, ಗುರೆಳ್ಳಿನ ಮಸಾಲೆಯಲ್ಲಿ ಬೆಲ್ಲ-ಹುಣಸೆಗಳ ಸೂಕ್ಷ್ಮ ಸಮತೋಲ ಇರುವುದರಿಂದ ಅದೂ ವೈನಿನಂತೆಯೇ ಸಿಹಿ-ಹುಳಿಗಳ ಲೆಕ್ಕದಲ್ಲಿ ನಿಂತ ಅಡುಗೆ. ಜೋಳದ ರೊಟ್ಟಿಯ ಒಣ, ಹಿಟ್ಟಿನ ರುಚಿ ಎರಡರ ನಡುವೆ ನೆಲದಂತೆ ನಿಲ್ಲುತ್ತದೆ. ತುಂಗಭದ್ರೆಯ ಮೀನನ್ನು ಖಾರ ಹಚ್ಚಿ ಹುರಿದರೆ, ನಿಂಬೆ ಹಿಂಡುವ ಬದಲು ವೈನ್ ಸಾಕು. ರಾಯಚೂರಿನ ಬಿರಿಯಾನಿಗೂ ಒಪ್ಪುತ್ತದೆ. ಪುಂಡಿಪಲ್ಯಕ್ಕೆ ಮಾತ್ರ ಶೆನಿನ್ ಸೋಲುತ್ತದೆ. ಪಲ್ಯದ ಹುಳಿ ವೈನಿನ ಹುಳಿಯನ್ನು ನುಂಗಿ, ಬರೀ ಸಕ್ಕರೆ ನೀರು ಉಳಿಯುತ್ತದೆ. ಹೋಳಿಗೆಯ ಜೊತೆ ಇದಕ್ಕೆ ವಿರುದ್ಧವಾದ ಅನಾಹುತ: ತನಗಿಂತ ಸಿಹಿಯಾದದ್ದರ ಮುಂದೆ ವೈನ್ ತೆಳ್ಳಗಾಗಿ, ಹುಳಿಹುಳಿಯಾಗಿ ತೋರುತ್ತದೆ.

ಸಿಹಿಯೂ ತಂಪೂ ಮದ್ಯಸಾರವನ್ನು ಮರೆಮಾಡುತ್ತವೆ ಎಂಬ ಎಚ್ಚರ ಇರಲಿ. ಶೇ. 12ರ ವೈನಿನ 150 ಮಿ.ಲೀ. ಗ್ಲಾಸಿನಲ್ಲಿ 18 ಮಿ.ಲೀ. ಮದ್ಯಸಾರವಿದೆ, ಶೇ. 42.8ರ ವಿಸ್ಕಿಯ 30 ಮಿ.ಲೀ. ಪೆಗ್ಗಿನಲ್ಲಿ ಇರುವುದು ಸುಮಾರು 13 ಮಿ.ಲೀ. ಪೂರ್ತಿ ಬಾಟಲಿ ಎಂದರೆ ಏಳು ಪೆಗ್ಗಿನ ಲೆಕ್ಕ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಪೂರ್ಣ ನಿರಪಾಯವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮಧುಮೇಹಿಗಳು, ಗರ್ಭಿಣಿಯರು, ಔಷಧಿ ತೆಗೆದುಕೊಳ್ಳುವವರು ಇದರ ಗೊಡವೆಗೆ ಹೋಗಬಾರದು. ನಮ್ಮ ರಾಜ್ಯದಲ್ಲಿ 21 ವರ್ಷ ತುಂಬದವರಿಗೆ ಇದು ಸಲ್ಲದು. ರಕ್ತದ 100 ಮಿ.ಲೀ.ಗೆ ಮದ್ಯಸಾರ 30 ಮಿ.ಗ್ರಾಂ ಮೀರಿದರೆ ವಾಹನ ಓಡಿಸುವುದು ಅಪರಾಧ, ಆದ್ದರಿಂದ ಗ್ಲಾಸ್ ಹಿಡಿಯುವ ಸಂಜೆ ಬೈಕಿನ ಕೀಲಿಯನ್ನು ಮನೆಯವರ ಕೈಗೆ ಕೊಟ್ಟುಬಿಡಿ. ಕುಡಿದಷ್ಟೇ ನೀರನ್ನೂ ಜೊತೆಜೊತೆಗೆ ಕುಡಿಯುವುದು ನಮ್ಮ ಸೆಕೆಗೆ ಅಗತ್ಯ.

ಉಳಿದ ವೈನನ್ನು ಮೇಜಿನ ಮೇಲೆ ರಾತ್ರಿ ಕಳೆಯಲು ಬಿಡಬಾರದು. ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ, ತೊಳೆದು ಒಣಗಿಸಿದ ಸಣ್ಣ ಬಾಟಲಿಗೆ ಬಾಯಿಮಟ್ಟ ಸುರಿದು ಬಿಗಿಯಾಗಿ ಮುಚ್ಚಿ. ಗಾಳಿ ತಾಗಿದಷ್ಟೂ ಅದು ಬೇಗ ಮಂಕಾಗುತ್ತದೆ. ಫ್ರಿಜ್ಜಿನಲ್ಲಿ ಮೂರು ದಿನ ಚೆನ್ನಾಗಿರುತ್ತದೆ, ನಾಲ್ಕನೆಯ ದಿನ ಮೂಸಿ ನೋಡಿ ತೀರ್ಮಾನಿಸಿ. ಪರಿಮಳ ಇಳಿದು ಹುಳಿ ಮಾತ್ರ ಉಳಿದಿದ್ದರೆ, ಬೆಳ್ಳುಳ್ಳಿ ಹುರಿದ ಬಾಣಲೆಗೆ ಅರ್ಧ ಬಟ್ಟಲು ಸುರಿದು, ಅದು ಕುದಿದು ಅರ್ಧಕ್ಕೆ ಇಳಿದ ಮೇಲೆ ಮೀನಿನ ತುಂಡುಗಳನ್ನು ಹಾಕಿ. ವಿನೆಗರಿನ ಘಾಟು ಬಂದಿದ್ದರೆ ಮೋರಿಗೆ ಚೆಲ್ಲಿ.